ಎರಡು ಹಟ್ಟಿ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಹಟ್ಟಿ ಅಂದರೆ ಊರಿನ ಆಚೆಗಿರೋ ಜಾಗ. ಗೊಲ್ಲರಿಗೊಂದು ಹಟ್ಟಿ, ನಾಯಕರಿಗೊಂದು ಹಟ್ಟಿ, ನಮಗೊಂದು ಹಟ್ಟಿ. ನಾನು ಹುಟ್ಟಿದ್ದು ಮಾದಿಗರ ಹಟ್ಟಿಯಲ್ಲಿ. ನಮ್ಮಪ್ಪ ಹೆಬ್ಬೆಟ್ಟೊತ್ತಿ ಸಾಲ ತಂದು ನನ್ನನ್ನು ಓದಿಸಿದ. ಎಂ.ಎ. ಮುಗಿಸಿ, ಕವಿತೆ ಬರೆಯುವ ಖಾಯಿಲೆ ಹತ್ತಿಸಿಕೊಂಡು, ಎರಡು ವರ್ಷ ಕೆಲಸಕ್ಕೆ ಅಲೆದ ಮೇಲೆ ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸ ಸಿಕ್ಕಿತು. ಉಳಿದುಕೊಳ್ಳೋದು ಹಟ್ಟಿಯಲ್ಲಿ, ಚಿನ್ನದ ಗಣಿಯ ಹಟ್ಟಿಯಲ್ಲಿ ಅಂತ ಮನೆಯಲ್ಲಿ ಹೇಳಿದೆ. ಅವ್ವ ಬೀಸುತ್ತಿದ್ದ ಮೊರ ನಿಲ್ಲಿಸಿ ನನ್ನನ್ನೇ ನೋಡಿದಳು. 'ನಿನ್ನ ಓದ್ಸಿದ್ದು ಈ ಹಟ್ಟಿ ಬಿಟ್ಟು ಹೋಗ್ಲಿ ಅಂತ ಕಣಪ್ಪ. ನೀನು ನೋಡಿದ್ರೆ ಇನ್ನೊಂದು ಹಟ್ಟಿಗೇ ಹೊಂಟಿದೀಯಲ್ಲ' ಅಂದಳು. ಅದು ಊರಿನ ಹೆಸರು, ಅಲ್ಲಿ ನೆಲ ಅಗೆದರೆ ಬಂಗಾರ ಸಿಗ್ತದೆ ಅಂತ ತಿಳಿಸಿ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಹಟ್ಟಿಯಲ್ಲಿ ಬಂಗಾರ ಇರೋದುಂಟಾ?

ಬಸ್ಸು ಬಳ್ಳಾರಿ ದಾಟಿ, ಸಿರುಗುಪ್ಪದ ಭತ್ತದ ಗದ್ದೆ ದಾಟಿ, ಸಿಂಧನೂರು ಬಿಟ್ಟ ಮೇಲೆ ನೆಲ ಒಣಗುತ್ತಾ ಹೋಗುತ್ತದೆ. ಎಡಕ್ಕೆ ಬಲಕ್ಕೆ ಕಲ್ಲುಗುಡ್ಡ, ಜಾಲಿ, ಎರೆಹೊಲ. ಕೆಳಗೆ ತುಂಗಭದ್ರೆ, ಮೇಲೆ ಕೃಷ್ಣೆ. ಎರಡು ದೊಡ್ಡ ಹೊಳೆ ಆಚೀಚೆ ಹರಿದರೂ ನಡುವಿನ ನೆಲಕ್ಕೆ ದಾಹ. ಮಸ್ಕಿ, ಲಿಂಗಸುಗೂರು, ಆಮೇಲೆ ಹಟ್ಟಿ. ದೂರದಿಂದ ಮೊದಲು ಕಣ್ಣಿಗೆ ಬೀಳೋದು ಶಾಫ್ಟಿನ ಕಬ್ಬಿಣದ ಗೋಪುರ. ಅದರ ತಲೆಯ ಮೇಲೆ ದೇವರ ಬದಲು ಗಾಲಿ ಇದೆ. ಅದು ತಿರುಗಿದರೆ ಜನ ಕೆಳಗಿಳಿದರು ಅಂತ, ಇಲ್ಲವೇ ಕಲ್ಲು ಮೇಲೆ ಬಂತು ಅಂತ. ಪಕ್ಕದಲ್ಲಿ ಬಂಗಾರ ತೆಗೆದು ಬಿಸಾಕಿದ ಬೂದುಬಣ್ಣದ ಮಣ್ಣಿನ ದಿಬ್ಬ. ಈ ಊರಿಗೆ ಸೂರ್ಯ ಹುಟ್ಟೋದು ಮುಳುಗೋದು ಲೆಕ್ಕಕ್ಕಿಲ್ಲ, ಮೂರು ಪಾಳಿಯೇ ಲೆಕ್ಕ. ಬೆಳಗಿನ ಜಾವ ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ಕೂತವರಲ್ಲಿ ಒಬ್ಬನಿಗೆ ಅದು ಬೆಳಗಿನ ತಿಂಡಿ, ಪಕ್ಕದವನಿಗೆ ರಾತ್ರಿ ಊಟ.

ಮೊದಲ ವಾರ ಖೋಲಿ ಹುಡುಕಿದೆ. ಉತ್ತರದ ಈ ಸೀಮೆಯಲ್ಲಿ ಹೆಸರಿನ ಹಿಂದೆ ಅಡ್ಡಹೆಸರು ಇರಬೇಕು. ನಮ್ಮ ಕಡೆ ಇನಿಷಿಯಲ್ಲು ಮಾತ್ರ. ಒಂದು ಮನೆಯ ಯಜಮಾನರು ಚಹಾ ತರಿಸಿದರು. 'ನಿಮ್ಮ ಅಡ್ಡಹೆಸರು ಏನ್ರಿ ಸರ?' ಅಂದರು. 'ನಮ್ಮ ಕಡೆ ಇಲ್ಲ ಸರ್, ಸಿ ಅಂತ ಇನಿಷಿಯಲ್ಲು ಅಷ್ಟೇ' ಅಂದೆ. ಸಿ ಅಕ್ಷರವನ್ನು ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದರೊಳಗೆ ಜಾತಿ ಕಾಣಲಿಲ್ಲ. 'ಅಂದ್ರ ತಾವು ಯಾವ ಪೈಕಿ?' ಅಂದರು. ಹೇಳಿದೆ. ಚಹಾ ಕುಡಿಯುವವರೆಗೂ ಅವರು ಬಲು ಮರ್ಯಾದೆಯಿಂದ ಮಾತಾಡಿದರು. ಎದ್ದು ಹೊರಡುವಾಗ, ಖೋಲಿಗೆ ಅಳಿಯ ಬರ್ತೀನಂತ ಫೋನು ಮಾಡಿದ್ದು ಈಗ ನೆನಪಾಯಿತು ಅಂದರು. ಎರಡನೇ ಮನೆಯಲ್ಲಿ ಅಳಿಯನ ಬದಲು ಮಗಳು ಬರುವವಳಿದ್ದಳು. ಮೂರನೇ ಮನೆಯಲ್ಲಿ ನಾನೇ ಮೊದಲು ಹೇಳಿಬಿಟ್ಟೆ, ಅವರ ಚಹಾ ಉಳೀಲಿ ಅಂತ.

ಇದೇನು ಹೊಸದಾ? ನಮ್ಮಲ್ಲಿ ಓದಿದ ಪ್ರತಿಯೊಬ್ಬನೂ ಪಟ್ಟಣದ ಖೋಲಿ ಹುಡುಕುವಾಗ ಈ ಅಳಿಯಂದಿರನ್ನು ಕಂಡವನೇ. ಆದರೂ ಇದನ್ನು ಬರೆಯೋದಕ್ಕೆ ಕಾರಣ ಇದೆ. ಗಣಿಯ ಊರಲ್ಲಿ, ಕೂಲಿಕಾರರ ಊರಲ್ಲಿ, ಜಾತಿಯ ಗಂಟು ಸಡಿಲವಾಗಿರುತ್ತೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಯಂತ್ರ ಬಂದ ಕಡೆ ಜಾತಿ ಕರಗುತ್ತೆ ಅಂತ ವಾದಿಸುವ ಗೆಳೆಯರು ನನಗೂ ಇದ್ದಾರೆ. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅನ್ನೋದು ನನಗೆ ಗೊತ್ತಾಗಿದ್ದು ಖೋಲಿ ಕೊಟ್ಟವರ ಮನೆಯಲ್ಲಿ.

ಅವರು ನಿವೃತ್ತ ಡ್ರಿಲ್ಲರ್. ನಾನು ಕಾಕಾ ಅಂತಿದ್ದೆ, ಅವರ ಹೆಂಡತಿಯನ್ನು ಕಾಕಿ ಅಂತಿದ್ದೆ. ನಮ್ಮವರೇ, ಈ ಕಡೆ ಮಾದರು ಅಂತಾರೆ. ಹುಟ್ಟಿದ್ದು ಪಕ್ಕದ ಒಂದು ಹಳ್ಳಿಯಲ್ಲಿ. ಮೊದಮೊದಲು ನನ್ನನ್ನು 'ಸರ' ಅನ್ನುತ್ತಿದ್ದರು. ನಾನು ಅವರ ಮನೆಯ ರೊಟ್ಟಿ, ಪುಂಡಿಪಲ್ಯ ಉಂಡ ಮೇಲೆ 'ತಮ್ಮಾ' ಆದೆ. ಸಂಜೆ ಹೊರಸಿನ ಮೇಲೆ ಕೂತು ಹೇಳುತ್ತಿದ್ದರು:

'ನಮ್ಮಪ್ಪ ಗೌಡರ ಹೊಲದಾಗ ವರ್ಷಾನುಗಟ್ಲೆ ದುಡದು, ಸುಗ್ಗ್ಯಾಗ ಆಯದ ಜ್ವಾಳಕ್ಕ ಕಣದ ಹೊರಗ ನಿಂತು ಉಡಿ ಒಡ್ಡತಿದ್ದ ತಮ್ಮಾ. ಮ್ಯಾಲಿಂದ ಹಾಕ್ತಿದ್ರು. ಕೈಗೆ ಕೈ ತಾಗಬಾರದಲ್ಲ. ನಾ ಗಣಿ ಸೇರಿದ ಮೊದಲನೇ ತಿಂಗಳ ಕಿಡಕ್ಯಾಗ ಕೈ ಹಾಕಿ ರೊಕ್ಕ ತಗೊಂಡೆ. ಕೊಟ್ಟಾಂವ ಯಾರು, ಯಾವ ಮಂದಿ, ನನಗ ಗೊತ್ತಿಲ್ಲ. ಅವನಿಗೂ ನನ್ನ ನಂಬರ್ ಬಿಟ್ರ ಬ್ಯಾರೆ ಏನೂ ಗೊತ್ತಿಲ್ಲ. ಆ ರೊಕ್ಕ ಎಣಿಸೂ ಮುಂದ ಕೈ ನಡುಗಿತು ನೋಡು.'

ಈ ಮಾತನ್ನು ನಾನು ಬಹಳ ದಿನ ಹೊತ್ತು ತಿರುಗಿದ್ದೇನೆ. ಕಮ್ಯುನಿಸ್ಟ್ ಗೆಳೆಯರು ಹೇಳುತ್ತಾರೆ, ಮನುಷ್ಯನನ್ನು ಬರೀ ನಂಬರ್ ಮಾಡೋದು ಬಂಡವಾಳಶಾಹಿಯ ಕ್ರೌರ್ಯ ಅಂತ. ಸರಿಯೇ. ಆದರೆ ಹುಟ್ಟಿದ್ದಕ್ಕೇ ಬೈಗುಳದಂಥ ಹೆಸರು ಹೊತ್ತವನಿಗೆ ನಂಬರು ಒಂದು ಬಿಡುಗಡೆ. ಟೋಕನ್ನಿನ ಮೇಲೆ ಜಾತಿ ಕೆತ್ತಿರೋದಿಲ್ಲ. ಗೌಡನ ಕಣದಿಂದ ಗಣಿಯ ಬಾಯಿಗೆ ನಮ್ಮವರು ಓಡಿಬಂದದ್ದು ಬಂಗಾರದ ಆಸೆಗೆ ಅಂತ ಯಾರಾದರೂ ತಿಳಿದರೆ ಅವರಿಗೆ ನಮ್ಮ ಹಟ್ಟಿ ಗೊತ್ತಿಲ್ಲ. ಜೀವ ಹೋದರೂ ಸರಿ, ಉಡಿ ಒಡ್ಡೋದು ತಪ್ಪಲಿ ಅಂತ ಬಂದವರು ಅವರು.

ಹೊರಗಿನವರಿಗೆ ಗಣಿಯ ಕೆಳಗೆ ಇಳಿಯಲು ಪರವಾನಗಿ ಬೇಕು. ಹಾಗಾಗಿ ನಾನು ಕಂಡ ಗಣಿ ಕಾಕಾನ ಬಾಯಲ್ಲಿದ್ದದ್ದು. ಕೇಜಿನಲ್ಲಿ ಮೈಗೆ ಮೈ ಹತ್ತಿ ನಿಂತು ಎರಡೂವರೆ ಸಾವಿರ ಅಡಿಗೂ ಕೆಳಗೆ ಇಳಿಯೋದು. ಕೆಳಗೆ ಬಿಸಿಲಿಲ್ಲದ ಶೆಖೆ. ಡ್ರಿಲ್ಲು ಹಿಡಿದರೆ ಮೊಣಕೈಯಿಂದ ಹಲ್ಲಿನವರೆಗೆ ಅದುರು. ತೂತು ಕೊರೆದು, ಮದ್ದು ತುಂಬಿ, ದೂರ ಹೋಗಿ ಕೂತು, ಸಿಡಿದ ಮೇಲೆ ಹೊಗೆ ಇಳಿಯೋತನಕ ಕಾಯೋದು. ಒಬ್ಬನ ನೀರಿನ ಬಾಟಲಿ ಹತ್ತು ಬಾಯಿಗೆ. ಚಾವಣಿ ಕಲ್ಲು ಸಡಿಲಾಗಿದೆಯಾ ಅಂತ ಸರಳಿನಿಂದ ಬಡಿದು ಸದ್ದು ಕೇಳೋದು. ಗಟ್ಟಿಯಿದ್ದರೆ ಗಂಟೆಯ ಸದ್ದು, ಪೊಳ್ಳಾಗಿದ್ದರೆ ಮಡಕೆಯ ಸದ್ದು. ಆ ಸದ್ದು ತಿಳಿದವನ ಮಾತಿಗೆ ಅಲ್ಲಿ ಎಲ್ಲರೂ ತಲೆಬಾಗಲೇಬೇಕು, ಅವನು ಯಾವ ಕೇರಿಯವನಾದರೂ.

'ಕೆಳಗ ಎಲ್ಲಾರ ಮಾರಿನೂ ಒಂದಾ ತಮ್ಮಾ, ಧೂಳ ಬಡಕೊಂಡು. ಯಾರು ಲಿಂಗಾಯತ, ಯಾರು ಸಾಬ, ಯಾರು ಮಾದರಾಂವ, ಗುರುತಾ ಹತ್ತಂಗಿಲ್ಲ. ಮ್ಯಾಲೆ ಬಂದು ಮಾರಿ ತೊಳಕೊಂಡ್ರ ಜಾತಿ ಕಾಣತದ' ಅಂದು ನಕ್ಕರು. ನನಗೆ ನಗು ಬರಲಿಲ್ಲ. ಸಮಾನತೆ ಇರೋದು ಬೆಳಕಿಲ್ಲದ ಕಡೆ, ಸಾವು ಹತ್ತಿರ ಇರೋ ಕಡೆ. ಬಿಸಿಲಿಗೆ ಬಂದ ಕೂಡಲೇ ಎಲ್ಲರೂ ತಮ್ಮ ತಮ್ಮ ಓಣಿ ಹಿಡಿಯುತ್ತಾರೆ. ಕೇಜಿನಲ್ಲಿ ಕಾಕಾನ ಹೆಗಲಿಗೆ ಹೆಗಲು ಕೊಟ್ಟು ನಿಂತವನ ಮನೆಯಲ್ಲೇ ನನಗೆ ಖೋಲಿ ಸಿಗದೆ ಇದ್ದಿರಬಹುದು.

ಕಾಕಿ ಈ ಮಾತುಕತೆಯ ನಡುವೆ ಬಾಯಿ ಹಾಕುತ್ತಿರಲಿಲ್ಲ. ಒಂದು ದಿನ ನಾನೇ ಕೇಳಿದೆ, 'ಕಾಕಿ, ನೀವು ಗಣಿ ನೋಡೀರಾ?' ಅಂತ. 'ಹೆಣಮಕ್ಕಳನ್ನ ಯಾರು ಬಿಡ್ತಾರಪ್ಪಾ' ಅಂದಳು. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಬಿಟ್ಟಿರಲಿಲ್ಲ. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆ ಕೆಲಸಗಳಿಗೆ ಬಾಗಿಲು ಒಂದಿಷ್ಟು ತೆರೆಯಿತು. ಕಾಕಿಯ ಪಾಲಿಗೆ ಗಣಿ ಅಂದರೆ ಎಂಟು ಗಂಟೆಯ ಕಾಯುವಿಕೆ. ಅವಳ ಕೊರಳಲ್ಲಿ ಕರಿಮಣಿ ಇತ್ತು, ಬಂಗಾರದ ಗುಂಡು ಇರಲಿಲ್ಲ. ಮಗಳ ಮದುವೆಗೆ ಅಡವಿಟ್ಟದ್ದು ಬಿಡಿಸಿಕೊಂಡಿರಲಿಲ್ಲ. ಬಂಗಾರ ತೆಗೆದವನ ಹೆಂಡತಿಯ ಗುಂಡು ಬಂಗಾರ ಮಾರುವವನ ತಿಜೋರಿಯಲ್ಲಿತ್ತು.

ಒಂದು ಟನ್ ಕಲ್ಲಿನಲ್ಲಿ ಎಷ್ಟು ಬಂಗಾರ ಇರುತ್ತೆ ಗೊತ್ತಾ ಗೆಳೆಯರೇ? ಕೆಲವೇ ಗ್ರಾಂ. ಒಂದು ಎತ್ತಿನಗಾಡಿಯ ಹೊರೆಗೆ ಒಂದು ಮೂಗುಬೊಟ್ಟು. ಆ ಕಲ್ಲನ್ನು ಮೇಲೆ ತಂದು, ಒಡೆದು, ಗಿರಣಿಯಲ್ಲಿ ಹಿಟ್ಟಿನ ಹಾಗೆ ಅರೆದು, ಸೈನೈಡ್ ಕಲಸಿದ ನೀರಿನಲ್ಲಿ ಬಂಗಾರ ಕರಗಿಸಿ, ಇದ್ದಿಲಿನ ಮೇಲೆ ಹಿಡಿದು, ಕೊನೆಗೆ ಕುಲುಮೆಯಲ್ಲಿ ಕಾಸಿ ಗಟ್ಟಿ ಮಾಡುತ್ತಾರೆ. ದೇಶದ ನೆಲದಲ್ಲಿ ಅಗೆದು ತೆಗೆಯುವ ಬಂಗಾರದಲ್ಲಿ ಬಹುಪಾಲು ಈ ಒಂದು ಊರಿನದು. ಆದರೆ ಅದು ವರ್ಷಕ್ಕೆ ಒಂದೂವರೆ ಟನ್ನಿನ ಆಸುಪಾಸು ಮಾತ್ರ. ನಮ್ಮ ಜನ ಕೊಳ್ಳೋದು ನೂರಾರು ಟನ್, ಬಹುಪಾಲು ಹೊರದೇಶದ್ದು. ಬಂಗಾರ ಕಳೆದು ಉಳಿದ ಮಣ್ಣು ಎಲ್ಲಿಗೂ ಹೋಗೋದಿಲ್ಲ, ತೆಗೆದವರ ಮಗ್ಗುಲಲ್ಲೇ ಬಿದ್ದಿರುತ್ತದೆ.

ಈ ಸೀಮೆಯ ಬಂಗಾರದ ಕಲ್ಲಿಗೆ ಪಾಷಾಣದ ನಂಟೂ ಇದೆ. ಆರ್ಸೆನಿಕ್ ಅಂತಾರಲ್ಲ, ಅದು. ಹಟ್ಟಿಯಿಂದ ಕೃಷ್ಣೆ ದಾಟಿದರೆ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ. ಅಲ್ಲೇ ಸಮೀಪ ಮಂಗಳೂರು ಅನ್ನೋ ಹಳ್ಳಿಯ ಹತ್ತಿರ ಹಿಂದೆ ಚಿನ್ನದ ಗಣಿ ನಡೆದಿತ್ತು. ತಾಂಡಾದ ಲಂಬಾಣಿ ಜನ ಕೊಳವೆಬಾವಿಯ ನೀರು ಕುಡಿದರು. ಮೈಮೇಲೆ ಕಪ್ಪು ಕಲೆ, ಅಂಗೈ ಅಂಗಾಲಲ್ಲಿ ಗಂಟು, ಕೆಲವರಿಗೆ ಚರ್ಮದ ಕ್ಯಾನ್ಸರು. ನೀರಿನಲ್ಲಿ ಆರ್ಸೆನಿಕ್ ಮಿತಿಮೀರಿ ಇದೆಯೆಂದು ವಿಜ್ಞಾನಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಂಗಾರ ಇಲ್ಲಿಂದ ಎಷ್ಟೋ ದೂರದ ಕೊರಳಿಗೆ ಹೋಯಿತು. ಅದೇ ಕಲ್ಲಿನ ಪಾಷಾಣ ತಾಂಡಾದ ಕೊಡಕ್ಕೆ ಬಂತು.

ನಮ್ಮ ಭಾಷೆಯಲ್ಲಿ ಒಂದು ಶಬ್ದ ಇದೆ, ಜಲಗಾರ. ನಾವೆಲ್ಲ ಅದನ್ನು ಕುವೆಂಪು ಅವರ 1928ರ ನಾಟಕದಿಂದ ಬಲ್ಲೆವು. ಬೀದಿ ಗುಡಿಸುವವನು, ಶಿವಗುಡಿಯ ಹೊರಗೇ ಉಳಿದವನು. ಶಿವನೇ ಅವನನ್ನು ಹುಡುಕಿಕೊಂಡು ಬರುತ್ತಾನೆ. ಆದರೆ ಆ ಶಬ್ದಕ್ಕೆ ಇನ್ನೊಂದು ಅರ್ಥವೂ ಇದೆ. ಹಳ್ಳದ ಮರಳನ್ನು, ಚಿನಿವಾರರ ಬೀದಿಯ ದೂಳನ್ನು ಮರಿಗೆಯಲ್ಲಿ ಜಾಲಿಸಿ ಬಂಗಾರದ ಕಣ ಹೆಕ್ಕುವವನೂ ಜಲಗಾರನೇ. ಹತ್ತೊಂಬತ್ತನೇ ಶತಮಾನದಲ್ಲಿ ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಇವರು ಬಂಗಾರ ಜಾಲಿಸುವುದನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬರೆದಿದ್ದಾರೆ. ನಾಡಿಗೆ ಬಂಗಾರ ಹೆಕ್ಕಿ ಕೊಟ್ಟವನಿಗೂ ನಾಡಿನ ಕಸ ಹೊತ್ತವನಿಗೂ ಒಂದೇ ಹೆಸರು. ಪಂಡಿತರು ಇದನ್ನು ನಾನಾರ್ಥ ಅನ್ನಬಹುದು. ನನಗೆ ಇದರಲ್ಲಿ ಕಾಣೋದು ಒಂದೇ ಅರ್ಥ. ದೂಳಿನಲ್ಲಿ ಕೈ ಹಾಕುವವನು ಏನು ತೆಗೆದರೂ ಅವನು ದೂಳಿನವನೇ.

ಹಟ್ಟಿಯ ಹಳೇ ಗಣಿಕುಳಿಗಳು ಸುಮಾರು 640 ಅಡಿಯ ಆಳಕ್ಕೆ ಹೋಗಿವೆ. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷೆ ಮಾಡಿದರೆ ಅವು ಸುಮಾರು ಎರಡು ಸಾವಿರ ವರ್ಷದ ಹಿಂದಿನವು. ಆಗ ಮದ್ದಿಲ್ಲ, ಯಂತ್ರ ಇಲ್ಲ. ಕಲ್ಲಿಗೆ ಬೆಂಕಿ ಹಚ್ಚಿ ಕಾಸೋದು, ನೀರು ಎರಚೋದು, ಬಿರುಕು ಬಿಟ್ಟಾಗ ಉಳಿಯಿಂದ ಎಬ್ಬಿಸೋದು. ಆ ಹೊಗೆಯಲ್ಲಿ, ಆ ಕತ್ತಲಲ್ಲಿ, ಅಷ್ಟು ಆಳದಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ಬ್ರಿಟಿಷ್ ಕಂಪನಿಯವರಿಗೆ ಬಂಗಾರದ ದಾರಿ ತೋರಿಸಿದ್ದು ಇಂಥ ಹಳೇ ಕುಳಿಗಳೇ. ಅವರು ಅಗೆದು 1920ರ ಹೊತ್ತಿಗೆ ಕೈಬಿಟ್ಟರು. 1947ರಲ್ಲಿ ನಿಜಾಮನ ಸರ್ಕಾರದ ಕಾಲಕ್ಕೆ ಹೈದರಾಬಾದ್ ಹೆಸರಿನ ಕಂಪನಿ ಹುಟ್ಟಿ, 1956ರಲ್ಲಿ ರಾಯಚೂರು ಕನ್ನಡ ನಾಡಿಗೆ ಸೇರಿದಾಗ ಅದು ಹಟ್ಟಿಯ ಹೆಸರು ಪಡೆಯಿತು. ಕಂಪನಿಗಳಿಗೆ ಹೆಸರಿದೆ, ರಾಜರಿಗೆ ಹೆಸರಿದೆ. 640 ಅಡಿ ಇಳಿದವರಿಗೆ ಇಲ್ಲ.

ಒಂದು ಭಾನುವಾರ ಮಸ್ಕಿಗೆ ಹೋದೆ. ಬಂಡೆಯ ಮೇಲಿನ ಅಶೋಕನ ಶಾಸನ ನೋಡೋಕೆ. 1915ರಲ್ಲಿ ಅದನ್ನು ಕಂಡುಹಿಡಿದದ್ದು ಯಾರು ಗೊತ್ತಾ? ಬೀಡನ್ ಅನ್ನೋ ಒಬ್ಬ ಚಿನ್ನದ ಗಣಿಯ ಇಂಜಿನಿಯರ್. ಬಂಗಾರ ಹುಡುಕಿ ಬಂದವನಿಗೆ ಅಶೋಕ ಸಿಕ್ಕ. ಅಲ್ಲಿಯವರೆಗೆ ದೇಶದ ಬಂಡೆಗಳ ಮೇಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಬಿರುದು ಮಾತ್ರ ಇತ್ತು. ಅಶೋಕ ಅನ್ನೋ ಹೆಸರು ಮೊದಲು ಓದಿದ್ದು ಈ ಮಸ್ಕಿಯ ಕಲ್ಲಿನಲ್ಲಿ.

ಶಾಸನದ ಅರ್ಥ ಓದಿದಾಗ ಮೈ ಜುಂ ಅಂದಿತು. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು ಅನ್ನುತ್ತಾನೆ ದೊರೆ. ಧರ್ಮದಲ್ಲಿ ನಡೆದರೆ ಸಣ್ಣವನೂ ಈ ಎತ್ತರ ಮುಟ್ಟಬಲ್ಲ, ದೊಡ್ಡವನಿಗೆ ಮಾತ್ರ ಸಾಧ್ಯ ಅಂತ ತಿಳೀಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಹೇಳಿ ಅನ್ನುತ್ತಾನೆ. ಇದೇ ಮಾತು ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಇದೆ. ಅಲ್ಲಿಗೆ ಅದನ್ನು ಕಳಿಸಿದ್ದು ಸುವರ್ಣಗಿರಿ ಅನ್ನೋ ಊರಿಂದ. ಆ ಸುವರ್ಣಗಿರಿ ಈ ಬಂಗಾರದ ಸೀಮೆಯಲ್ಲೇ ಇತ್ತು ಅಂತ ಅನೇಕ ಚರಿತ್ರೆಕಾರರ ಮತ. ಅಂದರೆ ಅವ್ವನ ಹಟ್ಟಿಗೂ ಕಾಕಾನ ಹಟ್ಟಿಗೂ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ಒಂದು ಕಾಗದ ಓಡಾಡಿತ್ತು. ಅದರಲ್ಲಿ ಸಣ್ಣವನ ಮಾತಿತ್ತು. ನಮಗೆ ಅದನ್ನು ಓದಿ ಹೇಳಿದವರಿಲ್ಲ. ಅಕ್ಷರವೇ ಮರೆತುಹೋಗಿ, 1837ರಲ್ಲಿ ಪ್ರಿನ್ಸೆಪ್ ಅನ್ನೋ ಇಂಗ್ಲಿಷಿನವನು ಬ್ರಾಹ್ಮೀಲಿಪಿ ಬಿಡಿಸುವವರೆಗೆ ಕಲ್ಲು ಮೂಕವಾಗಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬುದ್ಧನ ಕಡೆ ನಡೆದಾಗ ಆ ಕಾಗದ ವಿಳಾಸದಾರರಿಗೆ ಕೊನೆಗೂ ಮುಟ್ಟಿತು ಅಂತ ನಾನು ತಿಳಿದಿದ್ದೇನೆ.

ಹಾಗಂತ ನಾನು ಅಶೋಕನನ್ನು ಹೊತ್ತು ಕುಣಿಯುವವನಲ್ಲ. ಬಂಡೆಯ ಮೇಲೆ ಸಣ್ಣವನ ಮಾತು ಕೆತ್ತಿಸಿದ ಕಾಲದ ಆಸುಪಾಸಿನಲ್ಲೇ, ಅದೇ ಸೀಮೆಯ ನೆಲದಡಿಯಲ್ಲಿ ಸಣ್ಣವನು ಹೊಗೆ ಕುಡಿಯುತ್ತಾ ಕಲ್ಲು ಕಾಸುತ್ತಿದ್ದ. ಎರಡನ್ನೂ ಒಟ್ಟಿಗೇ ನೋಡಬೇಕು.

ಬೇಸಿಗೆ ರಜೆಯಲ್ಲಿ ಕೋಲಾರದ ಗೆಳೆಯನೊಬ್ಬ ಕೆ.ಜಿ.ಎಫ್.ಗೆ ಕರೆದುಕೊಂಡು ಹೋದ. ಹಟ್ಟಿಯ ನಾಳೆಯನ್ನು ನೋಡಬೇಕು ಅಂದರೆ ಅಲ್ಲಿಗೆ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ಅಲ್ಲಿಂದ ಸುಮಾರು 800 ಟನ್ ಬಂಗಾರ ಹೊರಗೆ ಹೋಯಿತು. ಮೂರು ಕಿಲೋಮೀಟರಿಗೂ ಆಳದ ಗಣಿ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಆ ಗಣಿಗೆ. ಬೆಂಗಳೂರಿಗೆ ಬಂದದ್ದು ಮೂರು ವರ್ಷ ಬಿಟ್ಟು. ಇಳಿದವರಲ್ಲಿ ಬಹುಮಂದಿ ಉತ್ತರ ಆರ್ಕಾಟ್ ಕಡೆಯಿಂದ, ಚಿತ್ತೂರು ಕಡೆಯಿಂದ ಬಂದ ನಮ್ಮಂಥವರೇ, ಆದಿದ್ರಾವಿಡರು. ತಟ್ಟಿ ಗುಡಿಸಲಿನ ಲೈನುಗಳಲ್ಲಿ ಬದುಕಿದರು. 1940ರ ದಶಕದ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯ ಪುಪ್ಪುಸದಲ್ಲಿ ಕಲ್ಲಿನ ದೂಳು ಕೂತಿತ್ತು.

ಇಷ್ಟೇ ಆಗಿದ್ದರೆ ಅದು ಅಳುವ ಕತೆ. ಆದರೆ ಆ ಲೈನುಗಳಲ್ಲಿ ಇನ್ನೊಂದು ನಡೆಯಿತು. ಮಾರಿಕುಪ್ಪಂನಲ್ಲಿ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಗಣಿಕಾರ್ಮಿಕರು ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರ ದೀಕ್ಷೆಗೆ ಐವತ್ತು ವರ್ಷ ಮೊದಲು! ಮದರಾಸಿನ ಅಯೋತ್ತಿದಾಸ ಪಂಡಿತರು 1907ರಲ್ಲಿ ತಮಿಳಿನಲ್ಲಿ ಪತ್ರಿಕೆ ಶುರು ಮಾಡಿದಾಗ ಅದರ ಹೆಸರಿನಲ್ಲೇ ಬೆಲೆ ಇತ್ತು, ಒಂದು ಪೈಸೆ. ಅದಕ್ಕೆ ಬೆನ್ನಾಗಿ ನಿಂತವರಲ್ಲಿ ಈ ಗಣಿಕೂಲಿಗಳಿದ್ದರು. ಕಂಪನಿ 1930ರಲ್ಲಿ ಹೆಬ್ಬೆಟ್ಟು ಗುರುತು ಕೊಟ್ಟು ನೋಂದಾಯಿಸಿಕೊಳ್ಳಿ, ಇಲ್ಲದಿದ್ದರೆ ಕೆಲಸ ಇಲ್ಲ ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಕೂತರು, ವಾರಗಟ್ಟಲೆ. ನಾವೇನು ಕಳ್ಳರಾ, ಹೆಬ್ಬೆಟ್ಟು ಒತ್ತೋಕೆ? ನಮ್ಮಪ್ಪನ ಹೆಬ್ಬೆಟ್ಟಿನ ಸಾಲದಲ್ಲಿ ಓದಿದವನು ನಾನು. ಹೆಬ್ಬೆಟ್ಟು ಕೊಡಲ್ಲ ಅಂದ ಜನ ಒಂದು ಕಾಲಕ್ಕೆ ಇದ್ದರು ಅಂತ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಊರಿನ ಕಣದಲ್ಲಿ ಉಡಿ ಒಡ್ಡುತ್ತಿದ್ದವರ ಮಕ್ಕಳು ಗಣಿಯ ಲೈನಿನಲ್ಲಿ ಪತ್ರಿಕೆ ಓದಿದರು, ಸಂಘ ಕಟ್ಟಿದರು, ಬುದ್ಧನನ್ನು ತಂದು ಕೂರಿಸಿಕೊಂಡರು, ಇಲ್ಲ ಅನ್ನೋದು ಕಲಿತರು. ತಿಂಗಳ ಪಗಾರ, ಹತ್ತಿರ ಹತ್ತಿರದ ಮನೆ, ಗೌಡ ಇಲ್ಲದ ಬೀದಿ, ಇವು ಮೂರು ಸೇರಿ ಮಾಡಿದ ಕೆಲಸ ಅದು. ಗಣಿ ಅವರ ಉಸಿರು ತಿಂದಿತು, ಧ್ವನಿ ಕೊಟ್ಟಿತು. ಯಾವುದನ್ನು ಹೇಳಿ ಯಾವುದನ್ನು ಬಿಡಲಿ?

ಮತ್ತೆ ಗಣಿ ಮುಚ್ಚಿತು. ಗಂಡಸರು ಹೆಂಗಸರು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸಾಗುವುದನ್ನು ನಾನು ಕಂಡೆ. ಗಾಳಿ ಬೀಸಿದರೆ ಸೈನೈಡ್ ಗುಡ್ಡದ ದೂಳು ಮನೆಯೊಳಕ್ಕೆ. ಆ ಗುಡ್ಡಗಳ ಮಣ್ಣಿನಲ್ಲಿ ಇನ್ನೂ ಬಂಗಾರ ಉಳಿದಿದೆಯಂತೆ. ಅದನ್ನು ಜಾಲಿಸಿ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮಣ್ಣಿನಲ್ಲಿ ಉಳಿದದ್ದನ್ನು ಅಳೆಯೋಕೆ ತಜ್ಞರಿದ್ದಾರೆ. ಲೈನುಗಳಲ್ಲಿ ಉಳಿದ ಜನರನ್ನು ಅಳೆಯುವ ತಕ್ಕಡಿ ಯಾರ ಕೈಯಲ್ಲಿದೆ?

ಹಟ್ಟಿಯ ಬಂಗಾರವೂ ಒಂದು ದಿನ ಮುಗಿಯುತ್ತೆ. ಹತ್ತು ವರ್ಷಕ್ಕೋ ಐವತ್ತು ವರ್ಷಕ್ಕೋ; ನೆಲದ ಗಂಟು ಯಾವತ್ತಿದ್ದರೂ ಕರಗುವಂಥದ್ದೇ. ಅವತ್ತು ಶಾಫ್ಟಿನ ಗಾಲಿ ನಿಲ್ಲುತ್ತೆ. ಖೋಲಿ ಕೊಡದ ಓಣಿ ಮಾತ್ರ ನಿಲ್ಲೋದಿಲ್ಲ. ಯಂತ್ರ ಬಂದರೆ ಜಾತಿ ಕರಗುತ್ತೆ ಅನ್ನುವ ಗೆಳೆಯರಿಗೆ ನಾನು ಹೇಳೋದು ಇಷ್ಟು. ಯಂತ್ರ ನಡೆಯೋತನಕ, ಅದೂ ನೆಲದ ಕೆಳಗೆ, ಜಾತಿ ಸ್ವಲ್ಪ ಸುಮ್ಮನಿರುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ನಾವು ಏನು ಕಟ್ಟಿಕೊಳ್ಳುತ್ತೇವೆ ಅನ್ನೋದೇ ಪ್ರಶ್ನೆ. ಮಾರಿಕುಪ್ಪಂನವರು ಸಂಘ ಕಟ್ಟಿದರು, ಅಕ್ಷರ ಕಟ್ಟಿದರು. ಗಣಿ ಮುಚ್ಚಿದ ಮೇಲೂ ಆ ಊರಿನ ಹುಡುಗರು ತಲೆ ತಗ್ಗಿಸದೆ ನಡೀತಾರೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಚ್ಚುವ ಮೊದಲೇ ಕಟ್ಟಿಕೊಂಡದ್ದು ಮುಚ್ಚಿದ ಮೇಲೆ ಉಳಿಯಿತು.

ನನ್ನ ತರಗತಿಯಲ್ಲಿ ಗಣಿಕಾರ್ಮಿಕರ ಮಕ್ಕಳಿದ್ದಾರೆ, ತಾಂಡಾದಿಂದ ಬರುವವರಿದ್ದಾರೆ, ಹೊಲದ ಕೂಲಿಗೆ ಹೋಗಿ ಅಲ್ಲಿಂದ ಸೀದಾ ಪರೀಕ್ಷೆಗೆ ಬರುವ ಹುಡುಗಿಯರಿದ್ದಾರೆ. ಹಳಗನ್ನಡದ ಪಾಠ ಮುಗಿದ ಮೇಲೆ ಅವರಿಗೆ ಒಂದು ಕೆಲಸ ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಕೆಳಗೆ ಇಳಿದವರು ಯಾರಿದ್ದಾರೋ ಅವರ ಹತ್ತಿರ ಕೂತು ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಬನ್ನಿ. ವ್ಯಾಕರಣ ತಿದ್ದಬೇಡಿ. ಚಾವಣಿ ಕಲ್ಲಿನ ಸದ್ದು ಹೇಗಿತ್ತು, ಮೊದಲ ಪಗಾರದಲ್ಲಿ ಏನು ತಂದರು, ನೀರು ಯಾರ ಬಾಟಲಿಯಿಂದ ಕುಡಿದರು, ಮೇಲೆ ಬಂದಾಗ ಯಾರ ಮನೆಯೊಳಗೆ ಕರೆದರು, ಯಾರ ಮನೆಯೊಳಗೆ ಕರೆಯಲಿಲ್ಲ. ಎರಡು ನೋಟುಪುಸ್ತಕ ಈಗಾಗಲೇ ತುಂಬಿವೆ. ಅದರಲ್ಲಿ ಒಂದು ಹುಡುಗಿ ತನ್ನ ಅಜ್ಜಿಯ ಕಾಯುವಿಕೆಯನ್ನೇ ಆರು ಪುಟ ಬರೆದಿದ್ದಾಳೆ. ಅದನ್ನು ಓದಿದ ಮೇಲೆ ನನ್ನ ಕವಿತೆಗಳು ನನಗೇ ಸಪ್ಪೆ ಅನ್ನಿಸಿವೆ.

ಕುದುರೆಮುಖದಲ್ಲಿ, ಸಂಡೂರಿನಲ್ಲಿ, ಕೆ.ಜಿ.ಎಫ್.ನಲ್ಲಿ, ಎಲ್ಲಾದರೂ ಸರಿ, ನೆಲದಡಿಯಿಂದ, ಗುಡ್ಡದ ಮೇಲಿಂದ ಕಲ್ಲು ಹೊತ್ತವರ ಮಕ್ಕಳು ಈ ಪತ್ರಿಕೆ ಓದುತ್ತಿದ್ದರೆ ನೀವೂ ಬರೆದುಕೊಳ್ಳಿ. ಮುದುಕರು ಕೆಮ್ಮುತ್ತಿದ್ದಾರೆ, ಹೊತ್ತು ಬಹಳ ಇಲ್ಲ. 640 ಅಡಿ ಇಳಿದವರ ಒಂದು ಮಾತೂ ನಮಗೆ ಉಳಿಯಲಿಲ್ಲ. ಎರಡೂವರೆ ಸಾವಿರ ಅಡಿ ಇಳಿದವರದ್ದಾದರೂ ಉಳೀಲಿ.